ಒಂದು ತಾಕಿನ ಅಂಕಿ, ಮೂರು ತಾಲ್ಲೂಕಿನ ರಾಗಿ

ರಾಗಿಯ ಇಳುವರಿ ಒಂದೇ ವಂಶವಾಹಿಯ ಕೆಲಸವಲ್ಲ. ತೆಂಡೆ ಎಷ್ಟು ಒಡೆಯಿತು, ತೆನೆಗೆ ಎಷ್ಟು ಇಲುಕು, ಕಾಳು ಎಷ್ಟು ತೂಗಿತು, ಇವೆಲ್ಲದರಲ್ಲೂ ಹಲವು ವಂಶವಾಹಿಗಳ ಸಣ್ಣ ಸಣ್ಣ ಪಾಲಿದೆ; ಮಳೆ, ಮಣ್ಣಿನ ಪಾಲು ಬೇರೆ. ಹೀಗೆ ಪಾಲಿರುವ ವರ್ಣತಂತುವಿನ ಜಾಗವೇ ಕ್ಯೂಟಿಎಲ್; ಯಾವ ಜಾಗಕ್ಕೆ ಎಷ್ಟು ಪಾಲು ಎಂದು ಬಿಡಿಸಿ ಹೇಳುವುದೇ ಕ್ಯೂಟಿಎಲ್ ನಕ್ಷೆಯ ಉದ್ದೇಶ.

ವರ್ಣತಂತುವಿನ ಮೇಲಿನ ಗುರುತುಗಳಾದ ಎರಡು ಮಾರ್ಕರ್‌ಗಳ ನಡುವಿನ ಜಾಗವನ್ನೂ ಪರೀಕ್ಷಿಸುವ ವಿಧಾನವನ್ನು ಲ್ಯಾಂಡರ್ ಮತ್ತು ಬಾಟ್‌ಸ್ಟೈನ್ 1989ರಲ್ಲಿ ಕೊಟ್ಟರು. ಇಲ್ಲಿಯ ಅಳತೆ ಎಲ್‌ಒಡಿ. ಅದು 3 ಎಂದರೆ, ಆ ಜಾಗದಲ್ಲಿ ವಂಶವಾಹಿ ಇಲ್ಲ ಎಂಬ ಊಹೆಗಿಂತ ಇದೆ ಎಂಬ ಊಹೆಗೆ ನಮ್ಮ ಅಂಕಿಗಳು ಸಾವಿರ ಪಟ್ಟು ಹೆಚ್ಚು ಹೊಂದುತ್ತವೆ. ಆದರೆ ಇಡೀ ವರ್ಣತಂತು ಜಾಲಾಡಿದಾಗ ಆಕಸ್ಮಿಕವಾಗಿಯೂ ದೊಡ್ಡ ಅಂಕಿ ಸಿಗುತ್ತದೆ. ಇದಕ್ಕೆ 1994ರಲ್ಲಿ ಚರ್ಚಿಲ್ ಮತ್ತು ಡೋರ್ಜ್ ತೋರಿಸಿದ ದಾರಿ ನನಗೆ ಬಹಳ ಹಿಡಿಸಿದ್ದು: ಇಳುವರಿಯ ಅಂಕಿಗಳನ್ನು ತಳಿಸಾಲುಗಳ ನಡುವೆ ಅದಲುಬದಲು ಮಾಡಿ, ಸಾವಿರ ಸಲ ಮತ್ತೆ ಮತ್ತೆ ಲೆಕ್ಕ ಹಾಕುವುದು. ಪ್ರತಿ ಸಲದ ಗರಿಷ್ಠ ಎಲ್‌ಒಡಿಗಳನ್ನು ಸಾಲಾಗಿಟ್ಟರೆ ಮೇಲಿನ ಶೇ. 5ರ ಗಡಿ ಎಲ್ಲಿ ಬೀಳುತ್ತದೋ ಅದೇ ಹೊಸ್ತಿಲು. ತಳಿಸಾಲುಗಳು ಕಡಿಮೆಯಿದ್ದರೆ ಇನ್ನೊಂದು ತೊಡಕಿದೆ: ಹೊಸ್ತಿಲು ದಾಟಿದ ಜಾಗಗಳ ಪಾಲು ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬೀವಿಸ್ ಇದನ್ನು ಎಚ್ಚರಿಸಿದ್ದರು.

ಜಾಗ ಬದಲಾದರೆ ಏನಾಗುತ್ತದೆ? ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಭತ್ತದಲ್ಲಿ ಮಾಡಿ, 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ. ಐಆರ್ 64 ಮತ್ತು ಅಜುಸೆನಾ ಸಂಕರದ ತಳಿಸಾಲುಗಳನ್ನು ಏಷ್ಯಾದ 4 ದೇಶಗಳ 9 ಕಡೆ ಬೆಳೆದರು. 11 ಗುಣಗಳಿಗೆ 126 ಕ್ಯೂಟಿಎಲ್ ಸಿಕ್ಕವು. ಒಂದಕ್ಕಿಂತ ಹೆಚ್ಚು ಕಡೆ ಕಂಡವು 34 ಮಾತ್ರ. ಎಲ್ಲ ಕಡೆಯೂ ನಿಂತದ್ದು ಗಿಡದ ಎತ್ತರದ ಒಂದೇ ಜಾಗ. ಪರಿಸರ ಬದಲಾದಂತೆ ಹೆಚ್ಚು ಏರುಪೇರಾದ ಗುಣಗಳಲ್ಲಿ ಕಾಳಿನ ಇಳುವರಿಯೂ ಒಂದು.

ನಮ್ಮ ಮೂರು ತಾಲ್ಲೂಕುಗಳಿಗೆ ಇದು ನೇರವಾಗಿ ತಾಗುವ ಮಾತು. ಕಡೂರಿನ ಖುಷ್ಕಿ ಹೊಲ ಮಳೆಯನ್ನೇ ನಂಬಿದೆ, ಅಜ್ಜಂಪುರದಲ್ಲಿ ರಾಗಿಯ ಪಕ್ಕದಲ್ಲೇ ಈರುಳ್ಳಿ, ತರೀಕೆರೆಯ ಕೆಲವು ಭಾಗಕ್ಕೆ ಭದ್ರಾ ನೀರು. ಬೆಂಗಳೂರಿನ ತಾಕಿನಲ್ಲಿ ಸಿಕ್ಕ ಇಳುವರಿಯ ಮಾರ್ಕರ್ ಕಡೂರಿನಲ್ಲೂ ನಡೆದೀತು ಎಂದು ಮೊದಲೇ ಒಪ್ಪಿಕೊಳ್ಳಲಾಗದು. ಬೆಂಕಿ ರೋಗದ ನಿರೋಧ ಇಷ್ಟು ಜಟಿಲವಾಗದೆ ಇರಬಹುದು. ಆಫ್ರಿಕಾದ ಐಇ 1012 ತಳಿಯ ರಕ್ತ ಸೇರಿದ ಜಿಪಿಯು 28 ಆ ಬಲದಿಂದಲೇ ರೈತರ ಹೊಲ ಸೇರಿತು. ಇಳುವರಿಗಾದರೆ ಅದೇ ತಳಿಸಾಲುಗಳನ್ನು ಮೂರೂ ತಾಲ್ಲೂಕಿನಲ್ಲಿ, ಒಂದಕ್ಕಿಂತ ಹೆಚ್ಚು ಮುಂಗಾರಿನಲ್ಲಿ ಬಿತ್ತಿ, ಸ್ಥಳ ಮತ್ತು ವಂಶವಾಹಿಗಳ ಒಡನಾಟವನ್ನು ಮಾದರಿಯೊಳಗೇ ಸೇರಿಸಿ ನೋಡಬೇಕು. ಮೂರೂ ಕಡೆ ಹೊಸ್ತಿಲು ದಾಟಿದ ಜಾಗಗಳನ್ನು ಸಾಮಾನ್ಯ ತಳಿಗೆ, ಕಡೂರಿನಲ್ಲಷ್ಟೇ ದಾಟಿದವನ್ನು ಕಡೂರಿನ ತಳಿಗೆ ಬಳಸಬಹುದು.