ಕಾಡಿನ ದಾರಿಯ ವಸಂತದ ಹೂಗಳು: ಎಕ್ಕದ ಎಲೆ ಕಟ್ಟಿಕೊಂಡರೆ ಶುಗರ್ ಇಳಿಯುತ್ತದೆಯೇ?

ಒಂದು ಹೂವಿನ ಫೋಟೋ, ಅದರ ಕೆಳಗೆ "ಈ ಗಿಡ ಎಲ್ಲೇ ಕಂಡರೂ ಬಿಡಬೇಡಿ, ಏಳೇ ದಿನದಲ್ಲಿ ಶುಗರ್ ಮಾಯ" ಎಂಬ ಸಾಲು. ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಬೆಂಗಳೂರಿನ ತುರಹಳ್ಳಿಯಾಗಲಿ, ಮೈಸೂರಿನ ಚಾಮುಂಡಿ ಬೆಟ್ಟವಾಗಲಿ, ನಿಮ್ಮೂರಿನ ಪಕ್ಕದ ಕುರುಚಲು ಕಾಡಾಗಲಿ, ಬೆಳಗಿನ ವಾಕಿಂಗ್‌ಗೆ ಹೋದವರು ಅದನ್ನು ನಂಬಿ ಕೈಚೀಲ ತುಂಬಿಸಿಕೊಂಡು ಬರಬಹುದು. ಹಾಗೆ ಮಾಡುವ ಮೊದಲು ಇದನ್ನು ಓದಿ.

ವಸಂತದಲ್ಲಿ ನಮ್ಮ ಕಾಡಿನಲ್ಲಿ ಏನು ಅರಳುತ್ತದೆ?

ವಸಂತ ಎಂದರೆ ನೆಲದ ತುಂಬ ಹೂವು ಎನ್ನುವ ಚಿತ್ರ ಯುರೋಪ್, ಅಮೆರಿಕದ ಕಾಡುಗಳದ್ದು. ಅಲ್ಲಿ ಚಳಿ ಮುಗಿದು ಮರಗಳು ಚಿಗುರಿ ನೆರಳು ಕವಿಯುವ ಮೊದಲೇ, ನೆಲದ ಸಣ್ಣ ಗಿಡಗಳು ಸಿಕ್ಕಷ್ಟು ಬಿಸಿಲಿನಲ್ಲಿ ಹೂ ಬಿಟ್ಟು ಮುಗಿಸುತ್ತವೆ. ನಮ್ಮ ಬಯಲುಸೀಮೆಯ ಕಾಡಿನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೆಲ ಒಣಗಿರುತ್ತದೆ. ಹಾಗಾಗಿ ಹೂ ನೋಡಲು ಕತ್ತೆತ್ತಬೇಕು. ಎಲೆ ಉದುರಿಸಿದ ಮುತ್ತುಗ ಕೆಂಡದಂತೆ ಕಾಣುತ್ತದೆ, ಬೂರುಗದ ದಪ್ಪ ಕೆಂಪು ಹೂಗಳಿಗೆ ಹಕ್ಕಿಗಳು ಮುತ್ತಿಕೊಂಡಿರುತ್ತವೆ, ಸ್ವಲ್ಪ ತಡವಾಗಿ ಕಕ್ಕೆ ಹಳದಿ ಗೊಂಚಲು ಬಿಡುತ್ತದೆ. ಎಲೆಯ ಅಡ್ಡಿ ಇಲ್ಲದಿದ್ದಾಗ ಹೂವು ದೂರದಿಂದಲೇ ಹಕ್ಕಿ, ಜೇನಿನ ಕಣ್ಣಿಗೆ ಬೀಳುತ್ತದೆ. ನೆಲದ ಹೂಗಳು ಹೆಚ್ಚಾಗಿ ಮಳೆ ಬಿದ್ದ ಮೇಲೆ, ಜೂನ್ ನಂತರ ಬರುತ್ತವೆ.

ಬೇಸಿಗೆಯಲ್ಲೂ ಕೈಗೆಟುಕುವ ಎತ್ತರದಲ್ಲಿ ಹೂ ಬಿಡುವ ಗಿಡಗಳು ಕೆಲವೇ. ಎಕ್ಕ, ಆವರಿಕೆ, ಹಳದಿ ಕಣಗಿಲೆ, ಉಮ್ಮತ್ತಿ ಇಂಥವು. ಮನೆಮದ್ದಿನ ಫಾರ್ವರ್ಡ್‌ಗಳಲ್ಲಿ ಹೆಚ್ಚು ಓಡಾಡುವ ಹೆಸರುಗಳೂ ಇವುಗಳಲ್ಲೇ ಇವೆ.

ಎಕ್ಕದ ಎಲೆಯನ್ನು ಅಂಗಾಲಿಗೆ ಕಟ್ಟಿದರೆ ಶುಗರ್ ಇಳಿಯುತ್ತದೆಯೇ?

ಇಲ್ಲ. ರಾತ್ರಿ ಅಂಗಾಲಿಗೆ ಎಕ್ಕದ ಎಲೆ ಇಟ್ಟು ಸಾಕ್ಸ್ ಹಾಕಿ ಮಲಗಿದರೆ ರಕ್ತದ ಸಕ್ಕರೆ ಇಳಿಯುತ್ತದೆ ಎನ್ನಲು ನಂಬುವಂಥ ಆಧಾರವಿಲ್ಲ. ಅಪಾಯ ಮಾತ್ರ ಇದೆ. ಎಕ್ಕದ ಬಿಳಿ ಹಾಲಿನಲ್ಲಿ ಪ್ರೋಟೀನ್ ಕರಗಿಸುವ ಕಿಣ್ವಗಳಿವೆ. ಅದು ಚರ್ಮಕ್ಕೆ ಗಂಟೆಗಟ್ಟಲೆ ತಾಗಿದ್ದರೆ ಉರಿ, ಬೊಬ್ಬೆ ಬರಬಹುದು. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಅನೇಕರಿಗೆ ಪಾದದ ನರಗಳ ಸ್ಪರ್ಶ ಕಡಿಮೆಯಾಗಿರುತ್ತದೆ. ಉರಿ ಗೊತ್ತಾಗುವುದಿಲ್ಲ, ಗಾಯವೂ ಬೇಗ ಕಾಣುವುದಿಲ್ಲ, ಕಂಡಾಗ ಸೋಂಕು ಆಳಕ್ಕೆ ಇಳಿದಿರುತ್ತದೆ. ಸಕ್ಕರೆ ಕಾಯಿಲೆಯವರು ಬೆರಳು, ಪಾದ ಕಳೆದುಕೊಳ್ಳುವುದು ಸಾಮಾನ್ಯವಾಗಿ ಇಂಥ ಸಣ್ಣ ಗಾಯದಿಂದ ಶುರುವಾಗಿಯೇ. ಅಂದರೆ ಈ ಸಂದೇಶ ಯಾರಿಗಾಗಿ ಬರೆದದ್ದೋ ಅವರಿಗೇ ಹೆಚ್ಚು ಅಪಾಯಕಾರಿ.

"ರಥಸಪ್ತಮಿಗೆ ಎಕ್ಕದ ಎಲೆ ತಲೆ, ಭುಜದ ಮೇಲೆ ಇಟ್ಟು ಸ್ನಾನ ಮಾಡುವುದಿಲ್ಲವೇ?" ಎಂದು ಕೇಳಬಹುದು. ಅಲ್ಲಿ ಎಲೆ ಮೈಮೇಲಿರುವುದು ಸ್ವಲ್ಪ ಹೊತ್ತು, ಕೂಡಲೇ ನೀರು ಬೀಳುತ್ತದೆ. ರಾತ್ರಿಯಿಡೀ ಸಾಕ್ಸಿನೊಳಗೆ ಒತ್ತಿಟ್ಟುಕೊಳ್ಳುವುದಕ್ಕೂ ಅದಕ್ಕೂ ಹೋಲಿಕೆ ಇಲ್ಲ.

ಎಕ್ಕದ ಹೂ ಕೀಳುವಾಗ ಇನ್ನೊಂದು ಎಚ್ಚರ ಬೇಕು. ಹಾಲು ಕಣ್ಣಿಗೆ ಸಿಡಿದರೆ, ಅಥವಾ ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ, ಅದು ಕಾರ್ನಿಯಾದ ಒಳಪದರಕ್ಕೆ ಹಾನಿ ಮಾಡಬಲ್ಲದು. ವಿಚಿತ್ರವೆಂದರೆ ಎಷ್ಟೋ ಸಲ ನೋವು ಅಷ್ಟಾಗಿ ಇರುವುದಿಲ್ಲ, ದೃಷ್ಟಿ ಮಾತ್ರ ಮಂಜಾಗುತ್ತದೆ. ನೋವಿಲ್ಲ ಎಂದು ಸುಮ್ಮನಿರಬೇಡಿ. ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ಕಣ್ಣು ತೊಳೆದು ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಆವರಿಕೆ ಹೂವಿನ ಟೀ?

ಆವರಿಕೆಯನ್ನು ಕೆಲವೆಡೆ ತಂಗಡಿ ಎನ್ನುತ್ತಾರೆ. ಇದರ ಹೂವಿನ ಸಾರವನ್ನು ಇಲಿಗಳ ಮೇಲೆ ಪರೀಕ್ಷಿಸಿದಾಗ ಸಕ್ಕರೆಯ ಮಟ್ಟ ಇಳಿದದ್ದು ಕಂಡಿದೆ. ಹಾಗಾಗಿ ಇದು ಪೂರ್ತಿ ಕಟ್ಟುಕಥೆ ಅಲ್ಲ. ಆದರೆ ಇಲಿಗೆ ಅಳತೆ ಮಾಡಿ ಕೊಟ್ಟ ಸಾರವೇ ಬೇರೆ, ಮನೆಯಲ್ಲಿ ಒಂದು ಹಿಡಿ ಹೂ ಕುದಿಸುವುದೇ ಬೇರೆ. ಇದನ್ನು ನಂಬಿ ಮಾತ್ರೆ ಬಿಡುವುದು ತಪ್ಪು. ಮಾತ್ರೆಯ ಜೊತೆ ಕುಡಿಯುವುದಾದರೂ ಡಾಕ್ಟರಿಗೆ ಹೇಳಿಯೇ ಕುಡಿಯಬೇಕು.

ಇದಕ್ಕಿಂತ ದೊಡ್ಡ ಸಮಸ್ಯೆ, "ಹಳದಿ ಹೂ" ಎಂದಷ್ಟೇ ನೆನಪಿಟ್ಟುಕೊಂಡು ಹುಡುಕುವುದು. ಆವರಿಕೆಯ ಎಲೆ ಹುಣಸೆ ಎಲೆಯಂತೆ ಒಂದೇ ಕಡ್ಡಿಗೆ ಜೋಡಿ ಜೋಡಿಯಾಗಿರುತ್ತದೆ, ಹೂವಿನಲ್ಲಿ ಬಿಡಿ ಬಿಡಿ ಐದು ಎಸಳು, ಕಾಯಿ ಚಪ್ಪಟೆ. ಹಳದಿ ಕಣಗಿಲೆಯ ಎಲೆ ಉದ್ದ, ಕಿರಿದು. ಹೂವು ಗಂಟೆಯಂತೆ, ಮುರಿದರೆ ಬಿಳಿ ಹಾಲು ಬರುತ್ತದೆ. ಇದರ ಎಲ್ಲ ಭಾಗವೂ ವಿಷ. ಅದರಲ್ಲೂ ಬೀಜ ಹೃದಯದ ಬಡಿತವನ್ನೇ ಕೆಡಿಸಿ ಪ್ರಾಣ ತೆಗೆಯಬಲ್ಲದು. ದೇವರಿಗೆ ಏರಿಸುವ ಹೂವಾದ್ದರಿಂದ ಒಳ್ಳೆಯದೇ ಇರಬೇಕು ಎಂದುಕೊಳ್ಳುವವರೂ ಇದ್ದಾರೆ. ಉಮ್ಮತ್ತಿಯೂ ದೇವರಿಗೆ ಏರುವ ಹೂವೇ, ಅದೂ ವಿಷವೇ.

ಮಕ್ಕಳನ್ನು ಕರೆದುಕೊಂಡು ಹೋದರೆ

ಒಣ ಕಾಲದಲ್ಲಿ ಬಳ್ಳಿಯ ಮೇಲೆ ಕಾಯಿ ಒಡೆದು ಕೆಂಪು-ಕಪ್ಪು ಗುಲಗಂಜಿ ಕಾಣುತ್ತದೆ. ಅಕ್ಕಸಾಲಿಗರು ಹಿಂದೆ ಚಿನ್ನ ತೂಗುತ್ತಿದ್ದ ಬೀಜ ಇದು. ಮಕ್ಕಳು ಆರಿಸದೆ ಬಿಡುವುದಿಲ್ಲ. ಅದರೊಳಗೆ ಅಬ್ರಿನ್ ಎಂಬ ಬಹಳ ಬಲವಾದ ವಿಷವಿದೆ. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಹಾಗೆಯೇ ಹೊರಬೀಳುವ ಸಾಧ್ಯತೆ ಹೆಚ್ಚು. ಅಗಿದರೆ, ಅಥವಾ ಸರಕ್ಕೆಂದು ತೂತು ಮಾಡಿದ ಬೀಜವಾದರೆ ಅಪಾಯ. ವಾಂತಿ-ಭೇದಿ ಶುರುವಾಗಲು ಕೆಲವು ಗಂಟೆ, ಕೆಲವೊಮ್ಮೆ ಒಂದು ದಿನಕ್ಕಿಂತ ಹೆಚ್ಚು ಹಿಡಿಯಬಹುದು. ಮಗು ಆಡಿಕೊಂಡಿದೆ ಎಂದು ಕಾಯಬೇಡಿ.

ಕಾಲುದಾರಿಯ ಅಂಚಿನ ಸಣ್ಣ ಬಿಳಿ ಹೂವಿನ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಕೆಲವರಿಗೆ ತುರಿಕೆ, ಸೀನು ತರುತ್ತದೆ. ತುಂಬು ತೋಳಿನ ಅಂಗಿ ಹಾಕಿಕೊಂಡು ಹೋದರೆ ಒಳ್ಳೆಯದು.

ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಹೂ, ಬೀಜ, ಬೇರು ಕಿತ್ತು ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಫೋಟೋ ತೆಗೆಯಿರಿ. ಹೂವಿನದ್ದಷ್ಟೇ ಅಲ್ಲ, ಎಲೆ, ಕಾಯಿ, ಕಾಂಡದ್ದೂ ತೆಗೆಯಿರಿ. ಹೂವಿನ ಚಿತ್ರ ಮಾತ್ರ ನೋಡಿ ಮೊಬೈಲ್ ಆ್ಯಪ್‌ಗಳು ತಪ್ಪು ಹೆಸರು ಹೇಳುವುದುಂಟು. ಯಾರಾದರೂ ಗೊತ್ತಿಲ್ಲದ ಗಿಡ ತಿಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಅಥವಾ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಆ ಫೋಟೋವನ್ನು ಡಾಕ್ಟರಿಗೆ ತೋರಿಸಿ, ಎಷ್ಟು ಹೊತ್ತಿಗೆ ಎಷ್ಟು ತಿಂದರು ಎಂಬುದನ್ನೂ ಹೇಳಿ.