ಬಾಂಬಿಗೆ ಬಿದ್ದ ಲಂಡನ್, ಮತ್ತೆ ಎದ್ದ ಬಗೆ

ಬಾಲ್ಕನ್ ಪ್ರವಾಸ ಮುಗಿಸಿ ಬಂದವರ ಫೋಟೋಗಳಲ್ಲಿ ಮೋಸ್ಟಾರ್ ನಗರದ ಕಲ್ಲಿನ ಸೇತುವೆ ಇದ್ದೇ ಇರುತ್ತದೆ. ಆಟೊಮನ್ ತುರ್ಕರು ಅದನ್ನು ಕಟ್ಟಿ ಮುಗಿಸಿದ್ದು 1566ರಲ್ಲಿ, ಅಂದರೆ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತ ಮರುವರ್ಷ. 1993ರ ನವೆಂಬರಿನಲ್ಲಿ ಫಿರಂಗಿ ಗುಂಡುಗಳ ಹೊಡೆತಕ್ಕೆ ಸೇತುವೆ ನದಿಗೆ ಕುಸಿಯಿತು. 2004ರಲ್ಲಿ ಹಿಂದಿದ್ದ ರೂಪದಲ್ಲೇ ಮತ್ತೆ ಎದ್ದಿತು. ಹಂಪೆಗೆ ಆ ಭಾಗ್ಯವಿರಲಿಲ್ಲ. ಮೋಸ್ಟಾರಿಗೆ ಹೋಗುವವರು ಹೋಗಿಬನ್ನಿ. ಆದರೆ ಯುದ್ಧದಲ್ಲಿ ಬಿದ್ದು ಎದ್ದ ಐತಿಹಾಸಿಕ ನಗರವನ್ನು ನೋಡಲು ನಮಗೆ ವಿಮಾನದ ಟಿಕೆಟ್ ಬೇಕಿಲ್ಲ. ಅಂಥ ಊರಿನಲ್ಲೇ ನಾವು ದಿನವೂ ಟ್ಯೂಬ್ ಹತ್ತಿ ಇಳಿಯುತ್ತಿದ್ದೇವೆ.

ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ನಮ್ಮಲ್ಲಿ ನೋಡದವರು ಕಡಿಮೆ. ಹೂವಿನ ಹಾರ ಹಾಕುತ್ತೇವೆ, ಫೋಟೋ ತೆಗೆದುಕೊಂಡು ಹಿಂತಿರುಗುತ್ತೇವೆ. ಮುಂದಿನ ಸಲ ಹಾಗೇ ದಂಡೆಯಗುಂಟ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕಡೆಗೆ ನಡೆಯಿರಿ. ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ ಕೆಂಪು ಹೃದಯಗಳನ್ನು ಬರೆದ ಉದ್ದನೆಯ ಗೋಡೆ ಸಿಗುತ್ತದೆ. ಅದರ ಹಿಂದೆ ಇರುವುದೇ ಸೇಂಟ್ ಥಾಮಸ್ ಆಸ್ಪತ್ರೆ. ಫ್ಲಾರೆನ್ಸ್ ನೈಟಿಂಗೇಲ್ ಪ್ರತಿಪಾದಿಸಿದಂತೆ ಗಾಳಿ ಬೆಳಕು ಆಡುವ ಹಾಗೆ ವಾರ್ಡುಗಳನ್ನು ಬಿಡಿಬಿಡಿಯಾಗಿ ಕಟ್ಟಿ, 1871ರಲ್ಲಿ ತೆರೆದ ಆಸ್ಪತ್ರೆ ಇದು. ದಕ್ಷಿಣದ ತುದಿಯಲ್ಲಿ ಹಳೆಯ ಇಟ್ಟಿಗೆಯ ಕಟ್ಟಡಗಳಿವೆ. ಸೇತುವೆಯ ಪಕ್ಕ ಮಾತ್ರ ಬಿಳಿಯ ಹೊಸ ಕಟ್ಟಡ. ನಡುವೆ ಶೈಲಿ ಹೀಗೆ ತಟಕ್ಕನೆ ಬದಲಾಗಲು ಕಾರಣ 1940ರ ಸೆಪ್ಟೆಂಬರಿನ ಬಾಂಬುಗಳು. ಡ್ಯೂಟಿಯಲ್ಲಿದ್ದವರು, ಡ್ಯೂಟಿ ಮುಗಿಸಿ ಮಲಗಿದ್ದವರು ಎನ್ನದೆ ದಾದಿಯರೂ ಸತ್ತರು. ಆದರೂ ಆಸ್ಪತ್ರೆಯ ಬಾಗಿಲು ಮುಚ್ಚಲಿಲ್ಲ. ನೆಲಮಾಳಿಗೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು.

ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟ್. 1941ರ ಮೇ 10ರ ರಾತ್ರಿ ಅಲ್ಲಿ ಎರಡು ಕಡೆ ಬೆಂಕಿ ಹತ್ತಿತು: ಒಂದು ಕಾಮನ್ಸ್ ಸಭಾಂಗಣ, ಇನ್ನೊಂದು 14ನೇ ಶತಮಾನದ ಮರದ ಛಾವಣಿಯಿದ್ದ ವೆಸ್ಟ್‌ಮಿನ್‌ಸ್ಟರ್ ಹಾಲ್. ಎರಡನ್ನೂ ಉಳಿಸುವಷ್ಟು ಶಕ್ತಿ ಅಗ್ನಿಶಾಮಕ ದಳಕ್ಕಿರಲಿಲ್ಲ. ಅಲ್ಲಿಗೆ ಓಡಿ ಬಂದ ಸಂಸತ್ ಸದಸ್ಯ ವಾಲ್ಟರ್ ಎಲಿಯಟ್, ಸಭಾಂಗಣವನ್ನು ಮತ್ತೆ ಕಟ್ಟಬಹುದು, ಹಾಲನ್ನು ಕಟ್ಟಲಾಗದು ಎಂದು ತೀರ್ಮಾನಿಸಿ, ಕೊಡಲಿಯಿಂದ ಬಾಗಿಲು ಒಡೆದು ನೀರಿನ ಪೈಪುಗಳಿಗೆ ದಾರಿ ಮಾಡಿಕೊಟ್ಟರು. ಎಲಿಯಟ್ ಗ್ಲಾಸ್ಗೋದಲ್ಲಿ ಓದಿದ ವೈದ್ಯರು, ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದವರು. ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಈ ಲೆಕ್ಕಾಚಾರ ಗೊತ್ತು. ಯಾರನ್ನು ಮೊದಲು ಒಳಗೆ ಕರೆದುಕೊಳ್ಳಬೇಕು ಎಂಬುದನ್ನು ಅರೆಕ್ಷಣದಲ್ಲಿ ನಿರ್ಧರಿಸಬೇಕು, ಆಮೇಲೆ ಆ ನಿರ್ಧಾರದೊಡನೆ ಬದುಕಬೇಕು.

ಸುಟ್ಟುಹೋದ ಸಭಾಂಗಣವನ್ನು ದೊಡ್ಡದು ಮಾಡಿ ಕಟ್ಟೋಣ ಎಂದವರಿದ್ದರು. ಚರ್ಚಿಲ್ ಒಪ್ಪಲಿಲ್ಲ, ಮೊದಲಿನ ಆಕಾರ, ಮೊದಲಿನ ಇಕ್ಕಟ್ಟು ಹಾಗೇ ಇರಬೇಕೆಂದರು. ಅದರಿಂದಾಗಿ ಈಗಲೂ 650 ಸದಸ್ಯರಿಗೆ ಇರುವುದು 427 ಆಸನಗಳು. ಬಜೆಟ್ ದಿನ ಮೆಟ್ಟಿಲ ಮೇಲೆ ಕೂತ, ಬಾಗಿಲಲ್ಲಿ ನಿಂತ ಮಂತ್ರಿ ಮಹೋದಯರನ್ನು ಟಿವಿಯಲ್ಲಿ ನೋಡಿರುತ್ತೀರಿ. ಬಾಂಬಿಗೆ ಸಿಕ್ಕಿ ಮುಕ್ಕಾದ ಕಲ್ಲುಗಳನ್ನೇ ಬಳಸಿ ಪ್ರವೇಶದ್ವಾರದ ಕಮಾನು ಕಟ್ಟಿಸಿದವರೂ ಚರ್ಚಿಲ್ಲರೇ. ಸಭಾಂಗಣ 1950ರ ಅಕ್ಟೋಬರಿನಲ್ಲಿ ತೆರೆಯಿತು. ಸ್ಪೀಕರ್ ಕುರ್ಚಿ ಆಸ್ಟ್ರೇಲಿಯಾದ ಕೊಡುಗೆ, ಮೇಜು ಕೆನಡಾದ್ದು. ಒಳಹೋಗುವ ಬಾಗಿಲುಗಳನ್ನು ಕೊಟ್ಟವರು ಭಾರತ ಮತ್ತು ಪಾಕಿಸ್ತಾನ. ದೇಶ ಒಡೆದು ಆಗಿನ್ನೂ ಮೂರೇ ವರ್ಷ.

ಸಿಟಿ ಆಫ್ ಲಂಡನ್ ಹಿಡಿದ ದಾರಿ ಬೇರೆ. 1940ರ ಡಿಸೆಂಬರ್ 29ರ ರಾತ್ರಿ ಥೇಮ್ಸ್‌ನಲ್ಲಿ ನೀರು ಇಳಿದಿತ್ತು, ಪೈಪುಗಳಿಗೆ ನೀರೇ ಸಿಗಲಿಲ್ಲ. ಸೇಂಟ್ ಪಾಲ್ಸ್ ಪಕ್ಕದ ಪುಸ್ತಕದಂಗಡಿಗಳ ಬೀದಿಯಲ್ಲಿ ಸುಮಾರು 50 ಲಕ್ಷ ಪುಸ್ತಕಗಳು ಬೂದಿಯಾದವು. ಕ್ರಿಪಲ್‌ಗೇಟ್ ಎಂಬ ವಾರ್ಡು ಎಷ್ಟರಮಟ್ಟಿಗೆ ಅಳಿಸಿಹೋಯಿತೆಂದರೆ, 1951ರಲ್ಲಿ ಅಲ್ಲಿ ವಾಸವಿದ್ದವರು 48 ಜನ. ಅಲ್ಲೇ ಈಗ ಬಾರ್ಬಿಕನ್ ಇದೆ. ಅದರ ಕಾಂಕ್ರೀಟು ನನ್ನ ಕಣ್ಣಿಗೆ ಇಂದಿಗೂ ಒಗ್ಗಿಲ್ಲ, ಆದರೂ ಜನರನ್ನು ಮತ್ತೆ ಅಲ್ಲಿ ನೆಲೆಗೊಳಿಸಿದ್ದು ಸಣ್ಣ ಕೆಲಸವಲ್ಲ. ಇನ್ನು ಸೇಂಟ್ ಡನ್‌ಸ್ಟನ್ ಇನ್ ದಿ ಈಸ್ಟ್ ಚರ್ಚನ್ನು ಮತ್ತೆ ಕಟ್ಟಲೇ ಇಲ್ಲ. ಛಾವಣಿಯಿಲ್ಲದ ಗೋಡೆಗಳಿಗೆ ಬಳ್ಳಿ ಹಬ್ಬಿಸಿ ತೋಟ ಮಾಡಿದ್ದಾರೆ. ಹಂಪೆಯನ್ನು ಕಂಡವರಿಗೆ ಆ ತೋಟ ಬಹಳ ಹಿಡಿಸುತ್ತದೆ.

ಬಾರ್ಬಿಕನ್ನಿನ ಉತ್ತರಕ್ಕೆ ಫಿನ್ಸ್‌ಬರಿ. ನಮ್ಮ ಮಕ್ಕಳಿಗೆ ನಾನು ತೋರಿಸಬೇಕೆನ್ನುವ ಕಟ್ಟಡ ಅಲ್ಲಿದೆ. ಪಂಜಾಬಿನಿಂದ ಬಂದ ಡಾ. ಚುನಿಲಾಲ್ ಕತಿಯಾಲ್ 1938ರಲ್ಲಿ ಇಲ್ಲಿನ ಮೇಯರ್ ಆದರು. ಬ್ರಿಟನ್ನಿನಲ್ಲಿ ಆ ಪದವಿಗೇರಿದ ಮೊದಲ ದಕ್ಷಿಣ ಏಷ್ಯಾದ ವ್ಯಕ್ತಿ ಅವರೇ. 1931ರಲ್ಲಿ ಗಾಂಧೀಜಿಯನ್ನು ಚಾರ್ಲಿ ಚಾಪ್ಲಿನ್ ಭೇಟಿಯಾದದ್ದು ಕ್ಯಾನಿಂಗ್ ಟೌನಿನ ಇದೇ ಕತಿಯಾಲರ ಮನೆಯಲ್ಲಿ. ಕ್ಷಯ, ಹಲ್ಲು, ಪಾದಗಳ ಚಿಕಿತ್ಸೆ ಎಲ್ಲ ಒಂದೇ ಸೂರಿನಡಿ ಸಿಗುವ ಆರೋಗ್ಯ ಕೇಂದ್ರವನ್ನು ಅವರು ಮುಂದೆ ನಿಂತು ಕಟ್ಟಿಸಿದರು. ವಾಸ್ತುಶಿಲ್ಪಿ ಬರ್ತೋಲ್ಡ್ ಲುಬೆಟ್ಕಿನ್. ಅದು ತೆರೆದದ್ದು 1938ರಲ್ಲಿ, ಎನ್.ಎಚ್.ಎಸ್. ಹುಟ್ಟುವ ಹತ್ತು ವರ್ಷ ಮೊದಲು.

ಯುದ್ಧದ ನಡುವೆ, 1942ರಲ್ಲಿ, ಏಬ್ರಂ ಗೇಮ್ಸ್ ಎಂಬ ಕಲಾವಿದ ಸೈನಿಕರಿಗಾಗಿ ಒಂದು ಪೋಸ್ಟರ್ ಬರೆದ. ಮುಂದೆ ಬೆಳ್ಳಗೆ ಹೊಳೆಯುವ ಫಿನ್ಸ್‌ಬರಿ ಆರೋಗ್ಯ ಕೇಂದ್ರ. ಹಿಂದೆ ಕುಸಿದ ಗೋಡೆಗಳ ಕತ್ತಲಲ್ಲಿ ರಿಕೆಟ್ಸ್‌ನಿಂದ ಕಾಲು ಬಾಗಿದ ಹುಡುಗ. ನೀವು ಹೋರಾಡುತ್ತಿರುವುದು ಹಳೆಯ ಲಂಡನ್ನಿಗಲ್ಲ, ಮುಂದೆ ಕಟ್ಟಲಿರುವ ಇಂಥ ಲಂಡನ್ನಿಗೆ ಎಂಬುದು ಚಿತ್ರದ ಅರ್ಥ. ಚರ್ಚಿಲ್ಲರಿಗೆ ಸಿಟ್ಟು ಬಂತು, ಪೋಸ್ಟರ್ ಹಿಂದಕ್ಕೆ ಹೋಯಿತು. ಮುಕ್ಕಾದ ಕಲ್ಲನ್ನು ಗೌರವದಿಂದ ಕಾಪಾಡಿದ ಅದೇ ಮನುಷ್ಯನಿಗೆ, ಬಾಗಿದ ಕಾಲಿನ ಮಗುವನ್ನು ಗೋಡೆಯ ಮೇಲೆ ನೋಡುವುದು ಬೇಕಾಗಿರಲಿಲ್ಲ.

1948ರಲ್ಲಿ ಎನ್.ಎಚ್.ಎಸ್. ಆರಂಭವಾದ ವರ್ಷವೇ ಕತಿಯಾಲ್ ಭಾರತಕ್ಕೆ ಮರಳಿದರು, ಇ.ಎಸ್.ಐ. ನಿಗಮದ ಮಹಾನಿರ್ದೇಶಕರಾಗಿ. ಬೆಂಗಳೂರಿನ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಸಾಲಿನಲ್ಲಿ ಚೀಟಿ ಹಿಡಿದು ನಿಂತ ಕಾರ್ಮಿಕ ಕುಟುಂಬಗಳಿಗೂ ಫಿನ್ಸ್‌ಬರಿಗೂ ಹೀಗೊಂದು ನಂಟಿದೆ. ಆರೋಗ್ಯ ಕೇಂದ್ರ ಪೈನ್ ಸ್ಟ್ರೀಟಿನಲ್ಲಿದೆ. ಫ್ಯಾರಿಂಗ್‌ಡನ್ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು.