ಕುಕ್‌ಗಿಂತ ಮೊದಲು: ಆಸ್ಟ್ರೇಲಿಯಾದ ಬಂಡೆಗೆ ಬಡಿದ ಡಚ್ ಹಡಗುಗಳು

ಆಸ್ಟ್ರೇಲಿಯಾ ಅಂದ ಕೂಡಲೇ ನಮಗೆ ನೆನಪಾಗೋದು ಕ್ಯಾಪ್ಟನ್ ಕುಕ್. ಆತ ಅದರ ಪೂರ್ವ ಕರಾವಳಿಗೆ ಬಂದದ್ದು 1770ರಲ್ಲಿ. ಅದಕ್ಕೂ ಒಂದೂವರೆ ಶತಮಾನ ಮೊದಲೇ ಡಚ್ಚರು ಪಶ್ಚಿಮ ಕರಾವಳಿಯನ್ನು ಕಂಡಿದ್ದರು. ಇದನ್ನು ಸಾಹಸಗಾಥೆ ಅಂತ ಹೇಳೋದುಂಟು. ನನ್ನ ಪ್ರಕಾರ ಇದು ಒಂದು ಕಂಪನಿಯ ಅವಸರದ ಕಥೆ.

ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಬೇಕಿದ್ದದ್ದು ಜಾವಾ ಕಡೆಯ ಸಾಂಬಾರ ಪದಾರ್ಥ. 1611ರಲ್ಲಿ ಹೆಂಡ್ರಿಕ್ ಬ್ರೌವರ್ ಹೊಸ ದಾರಿ ಹಿಡಿದ. ಆಫ್ರಿಕಾದ ತುದಿ ದಾಟಿದ ಮೇಲೆ ದಕ್ಷಿಣದ ಬಿರುಗಾಳಿಯ ಬೆನ್ನೇರಿ ನೇರ ಪೂರ್ವಕ್ಕೆ ಹೋಗೋದು, ಆಮೇಲೆ ಉತ್ತರಕ್ಕೆ ತಿರುಗೋದು. ತಿಂಗಳುಗಟ್ಟಲೆ ಸಮಯ ಉಳಿಯಿತು. ಕೆಲವೇ ವರ್ಷಗಳಲ್ಲಿ ಕಂಪನಿ ಈ ದಾರಿಯನ್ನು ಕಡ್ಡಾಯ ಮಾಡಿತು.

ಆದರೆ ತಿರುಗೋದು ಎಲ್ಲಿ? ಅಕ್ಷಾಂಶವನ್ನು ಸೂರ್ಯನನ್ನು ನೋಡಿ ಹೇಳಬಹುದಿತ್ತು. ರೇಖಾಂಶ ಅಳೆಯೋಕೆ ನಂಬಿಕಸ್ಥ ಗಡಿಯಾರ ಬೇಕು, ಅದು ಬಂದದ್ದು 18ನೇ ಶತಮಾನದಲ್ಲಿ. ಅಲ್ಲಿಯವರೆಗೆ ಎಲ್ಲವೂ ಅಂದಾಜು. ತಿರುಗುವುದು ತಡವಾದರೆ ಎದುರಿಗೆ ಆಸ್ಟ್ರೇಲಿಯಾ.

1616ರ ಅಕ್ಟೋಬರ್ 25ರಂದು ಡರ್ಕ್ ಹಾರ್ಟಾಗ್ ಶಾರ್ಕ್ ಬೇ ಹತ್ತಿರದ ದ್ವೀಪದಲ್ಲಿಳಿದು, ಲೋಹದ ತಟ್ಟೆಯೊಂದರಲ್ಲಿ ವಿವರ ಕೆತ್ತಿ ಕಂಬಕ್ಕೆ ಹೊಡೆದು ಹೋದ. ಆತ ಅದೃಷ್ಟವಂತ.

1629ರ ಜೂನ್ 4ರಂದು ‘ಬಟಾವಿಯಾ’ ಹಡಗು ಅಬ್ರೋಲೋಸ್ ದ್ವೀಪಗಳ ಬಂಡೆಗೆ ಸಿಕ್ಕಿಕೊಂಡಿತು. ಅದರಲ್ಲಿದ್ದವರು ಸುಮಾರು 340 ಜನ. ಮುಖ್ಯಸ್ಥ ಪೆಲ್ಸಾರ್ಟ್ ಸಣ್ಣ ದೋಣಿಯಲ್ಲಿ ನೆರವು ತರಲು ಜಾವಾಕ್ಕೆ ಹೋದ. ಇತ್ತ ಜೆರೋನಿಮಸ್ ಕಾರ್ನೆಲಿಸ್ ಎಂಬ ಅಧಿಕಾರಿ ತನ್ನ ಗುಂಪು ಕಟ್ಟಿಕೊಂಡು ನೂರಕ್ಕೂ ಹೆಚ್ಚು ಜನರನ್ನು ಕೊಲ್ಲಿಸಿದ. ಹೆಂಗಸರು, ಮಕ್ಕಳನ್ನೂ ಬಿಡಲಿಲ್ಲ. ಪೆಲ್ಸಾರ್ಟ್ ವಾಪಸು ಬಂದು ಅವನನ್ನು ಗಲ್ಲಿಗೇರಿಸಿದ.

ದುರಂತ ಅಲ್ಲಿಗೇ ನಿಲ್ಲಲಿಲ್ಲ. 1656ರಲ್ಲಿ ‘ವರ್ಗುಲ್ಡೆ ಡ್ರಾಕ್’ ಒಡೆಯಿತು. ಹಡಗಿನಲ್ಲಿದ್ದ 193 ಜನರಲ್ಲಿ ದಡ ಸೇರಿದವರು 75. ಏಳು ಮಂದಿ ದೋಣಿಯಲ್ಲಿ ಜಾವಾ ತಲುಪಿ ಸುದ್ದಿ ಮುಟ್ಟಿಸಿದರು. ಹುಡುಕಲು ಹಡಗುಗಳು ಹೋದವು, ಉಳಿದ 68 ಜನ ಸಿಗಲೇ ಇಲ್ಲ. 1712ರಲ್ಲಿ ‘ಜಯ್ಟ್‌ಡಾರ್ಪ್’ ಕಡಿದಾದ ಕಡಲ ಬಂಡೆಗೆ ಅಪ್ಪಳಿಸಿತು. ಸುದ್ದಿ ಹೇಳೋಕೂ ಒಬ್ಬರು ಬರಲಿಲ್ಲ.

‘ಕಂಡುಹಿಡಿದರು’ ಅನ್ನೋ ಮಾತು ನನಗೆ ಒಪ್ಪಿಗೆಯಾಗಲ್ಲ. ಶಾರ್ಕ್ ಬೇಯಲ್ಲಿ ಮಲ್ಗಾನ ಜನ ಸಾವಿರಾರು ವರ್ಷಗಳಿಂದ ಬಾಳುತ್ತಿದ್ದರು. ಡಚ್ಚರಿಗೆ ಆ ನೆಲ ಬೇಕಿರಲಿಲ್ಲ, ಅಲ್ಲಿ ಕೊಳ್ಳೋಕೆ ಏನೂ ಕಾಣಲಿಲ್ಲ. ಹಾರ್ಟಾಗ್‌ನ ತಟ್ಟೆ ಇವತ್ತು ಆಮ್‌ಸ್ಟರ್‌ಡ್ಯಾಮ್‌ನ ಮ್ಯೂಸಿಯಂನಲ್ಲಿ ಭದ್ರವಾಗಿದೆ. ಆ 68 ಜನ ಎಲ್ಲಿ ಸತ್ತರು ಅನ್ನೋದಕ್ಕೆ ಗುರುತೇ ಇಲ್ಲ. ಬೇಗ ತಲುಪಿ ಅಂತ ಆದೇಶ ಬರೆದವರು ಯಾರೂ ಆ ಹಡಗುಗಳಲ್ಲಿರಲಿಲ್ಲ.